ಗುರುವಾರದ ಗುಳಿಗೆ

ಗಾದಿ ಸುತ್ತಿದ ಗಂಟಿನ ಮೇಲೆ ಮೊಣಕಾಲೂರಿ ನಿಂಗಣ್ಣ ಹಗ್ಗ ಎಳೆಯುತ್ತಿದ್ದ. ಪಾರ್ವತಿಬಾಯಿ ಹಿತ್ತಲ ಬಾಗಿಲಿಗೆ ಓಡಿ ಬಂದವಳೇ, ‘ತಡಿಯೋ, ಇನ್ನೂ ಬಿಗೀಬ್ಯಾಡ’ ಅಂದಳು.

‘ಯಾಕ್ರಿ ಕಾಕು? ಇನ್ನೇನ ಉಳದದ? ಗಾದಿ ಹಾಕೀನಿ, ದಿಂಬ ಹಾಕೀನಿ, ಅಂಗಿ-ಪಾಯಜಾಮಾ ಹಾಕೀನಿ. ದವಾಖಾನಿ ಚೀಲಾನೂ ಒಳಗದ.’

‘ಯಾವ ಚೀಲ?’

‘ಹಸರ ಚೀಲ ರಿ, ಔಷಧದ್ದು. ವೇಣಕ್ಕಾರ ತಂದ ಕೊಟ್ರು.’

ಪಾರ್ವತಿಬಾಯಿಯ ಕೈ ಬಾಗಿಲ ಚೌಕಟ್ಟು ಹಿಡಿಯಿತು. ಅರ್ಧ ತಾಸಿನಿಂದ ಅವಳು ಮನೆಯ ಮೂಲೆಮೂಲೆಯಲ್ಲಿ ಹುಡುಕುತ್ತಿದ್ದದ್ದು ಅದೇ ಚೀಲವನ್ನು.

ಅವಳ ಮಗ ಅವಿನಾಶ ಹಿಂದಿನ ರಾತ್ರಿ ಸೊಲ್ಲಾಪುರದ ದವಾಖಾನೆಯಲ್ಲಿ ತೀರಿಕೊಂಡಿದ್ದ. ಬೆಳಕು ಹರಿಯುವಷ್ಟರಲ್ಲಿ ಬಾಡಿಗೆಯ ಮೆಟಾಡೋರಿನಲ್ಲಿ ಅವನನ್ನು ಅಕ್ಕಲಕೋಟೆಯ ಹಳೇ ಮನೆಗೆ ತಂದಿದ್ದರು. ಸೊಲ್ಲಾಪುರದಲ್ಲಿ ಚಾದರ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾದರೂ ಈ ಮನೆತನದವರಿಗೆ ಮಣ್ಣು ಅಕ್ಕಲಕೋಟೆಯದೇ ಆಗಬೇಕು. ಸತ್ತವನು ಮಲಗಿದ ಹಾಸಿಗೆ, ತೊಟ್ಟ ಬಟ್ಟೆ, ಕುಡಿದುಳಿದ ಔಷಧಿ ಎಲ್ಲವನ್ನೂ ಗಂಟು ಕಟ್ಟಿ ಹೆಣದ ಜೊತೆಗೇ ಒಯ್ದು ಕುಣಿಯ ಬದಿಗೆ ಹೂಳುವುದು ಇಲ್ಲಿಯ ರೂಢಿ.

ಆ ಹಸಿರು ಚೀಲದಲ್ಲಿ ಮೂರು ಬಿಳಿ ಡಬ್ಬಿಗಳಿದ್ದವು. ಅವು ಅವಿನಾಶನವಲ್ಲ, ಸೊಸೆ ಶೀತಲಳವು. ದವಾಖಾನೆಯಲ್ಲಿ ಗಂಡನ ಹಾಸಿಗೆಯ ಕೆಳಗೇ ಹದಿನೈದು ದಿನ ಮಲಗಿದ್ದ ಅವಳು ತನ್ನ ಗುಳಿಗೆಯನ್ನೂ ಅವನ ಚೀಲದಲ್ಲೇ ಇಟ್ಟುಕೊಂಡಿದ್ದಳು. ಯಾರ ಕಣ್ಣಿಗೂ ಹೆಸರು ಬೀಳಬಾರದೆಂದು ಡಬ್ಬಿಯ ಮೇಲಿನ ಚೀಟಿಗಳನ್ನು ಮಾವ ರಾಚಪ್ಪನೇ ಉಗುರಿನಿಂದ ಕೆರೆದು ತೆಗೆದಿದ್ದ. ಆ ಗುಳಿಗೆ ಅಕ್ಕಲಕೋಟೆಯಲ್ಲಿ ಸಿಗುವುದಿಲ್ಲ, ಸೊಲ್ಲಾಪುರದ ಅಂಗಡಿಗಳಲ್ಲೂ ಸಿಗುವುದಿಲ್ಲ. ಡಾಕ್ಟರರು ಮುಂಬೈಗೆ ಹೇಳಿ ತರಿಸಬೇಕು. ಬರಲು ಒಮ್ಮೆ ಎಂಟು ದಿನ, ಒಮ್ಮೆ ಹದಿನೈದು. ಮುಂಜಾನೆ ಒಂಬತ್ತಕ್ಕೆ ಒಂದು ಸರತಿ, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಈಗ ಎಂಟೂಕಾಲು.

‘ಏನದು ಗದ್ದಲ?’

ವೇಣೂಬಾಯಿ ಬಂದಳು. ರಾಚಪ್ಪನ ಹಿರಿಯಕ್ಕ. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ಆ ಓಣಿಯಲ್ಲಿ ಹುಟ್ಟಿಗೂ ಸಾವಿಗೂ ಯಾವುದು ಮೊದಲು ಯಾವುದು ಆಮೇಲೆ ಎಂದು ಅಯ್ಯನವರೂ ಅವಳನ್ನು ಕೇಳಿಯೇ ಮುಂದುವರಿಯುತ್ತಿದ್ದರು.

‘ಅಕ್ಕಾ, ಆ ಚೀಲದಾಗ ಅಂಗಡಿ ಕಪಾಟದ ಕೀಲಿ ಉಳದದ’ ಅಂದಳು ಪಾರ್ವತಿಬಾಯಿ. ಸುಳ್ಳು ಇಷ್ಟು ಸಲೀಸಾಗಿ ನಾಲಿಗೆಗೆ ಬಂದದ್ದು ಅವಳಿಗೆ ಸೋಜಿಗವೆನಿಸಲಿಲ್ಲ. ಒಂದು ವರ್ಷದಿಂದ ಮಗನಿಗೆ ಟೀಬಿ, ಮಗನಿಗೆ ಕಾಮಾಲೆ ಎನ್ನುತ್ತ ನಾಲಿಗೆ ಪಳಗಿತ್ತು.

ನಿಂಗಣ್ಣ ಗಂಟು ಸಡಿಲಿಸಿ ಚೀಲ ಎಳೆದ. ಪಾರ್ವತಿಬಾಯಿ ಕೈ ಚಾಚುವ ಮೊದಲೇ ವೇಣೂಬಾಯಿ ಅದನ್ನು ತೆಗೆದುಕೊಂಡು ಬೋರಲು ಮಾಡಿದಳು. ಮೂರು ಡಬ್ಬಿ, ಜ್ವರ ನೋಡುವ ಕಡ್ಡಿ, ಒಂದು ಹಣಿಗೆ ಬಿದ್ದವು.

‘ಎಲ್ಲ್ಯದ ಕೀಲಿ?’

‘ಹಂಗಾರ ಸೊಲ್ಲಾಪುರದಾಗ ಉಳದಿರಬೇಕು. ಇರ್ಲಿ, ಈ ಡಬ್ಬಿ ನನ್ನ ಕಡೆ ಕೊಡ್ರಿ.’

‘ಡಬ್ಬಿ ತಗೊಂಡು ಏನ ಮಾಡ್ತಿ?’ ವೇಣೂಬಾಯಿಯ ದನಿ ಮೆತ್ತಗಾಯಿತು. ‘ಪಾರ್ವತಿ, ಮಗನ ಸಾಮಾನ ಬಿಡಾಕ ಜೀವ ಒಪ್ಪೂದಿಲ್ಲ, ಗೊತ್ತದ ನನಗ. ನಾನೂ ಇಬ್ಬರನ್ನ ಮಣ್ಣಿಗೆ ಕೊಟ್ಟಾಕಿ. ಆದ್ರ ಸತ್ತವರ ಔಷಧ ಮನ್ಯಾಗ ಉಳೀಬಾರದವ್ವಾ. ಉಳದ್ರ ಮನಿ ಮತ್ತೊಬ್ಬರನ್ನ ಕೇಳ್ತದ.’

ಡಬ್ಬಿಗಳನ್ನು ತಾನೇ ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿ, ಚೀಲವನ್ನು ಗಾದಿಯ ಮಡಿಕೆಯೊಳಗೆ ತುರುಕಿದಳು. ‘ನಿಂಗ್ಯಾ, ಬಿಗಿ. ಒಯ್ದು ಅಂಗಳದಾಗ ಹೆಣ ಹೊರೂ ವಿಮಾನದ ಬಾಜೂಕ ಇಡು. ಅಲ್ಲಿಂದ ಸರೀಬ್ಯಾಡ. ನಾಯಿಗೀಯಿ ಎಳದಾವು.’

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆ ಮಾತು ಪಾರ್ವತಿಬಾಯಿಯ ಗಂಟಲವರೆಗೆ ಬಂದು, ಅಂಗಳದಲ್ಲಿ ಕುಳಿತ ಗಂಡಸರ ಕೆಮ್ಮು ಕೇಳಿ, ತಿರುಗಿ ಹೊಟ್ಟೆಗೆ ಇಳಿಯಿತು.

* * *

ಪಡಸಾಲೆಯ ಗೋಡೆಗೆ ಒರಗಿಸಿ ಅವಿನಾಶನನ್ನು ಕೂರಿಸಿದ್ದರು. ಹಣೆ, ತೋಳು, ಎದೆಗೆಲ್ಲ ವಿಭೂತಿ. ಮೂವತ್ತಾರರ ಮಗ ಐವತ್ತಾರರವನಂತೆ ಕಾಣುತ್ತಿದ್ದ. ಎಡಬದಿಗೆ ಶೀತಲ, ಅವಳ ಸುತ್ತ ಹತ್ತು ಹನ್ನೆರಡು ಹೆಂಗಸರು. ಹೊರಗೆ ಕಟ್ಟೆಯ ಮೇಲೆ ಭಜನೆಯವರು ತಾಳ ಹಿಡಿದು, ಚಹಾ ಇಲ್ಲದ ಗಂಟಲಿನಲ್ಲಿ ಪದ ಹಾಡುತ್ತಿದ್ದರು. ಹೆಣ ಏಳುವತನಕ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಹೆಂಡತಿಯಾದವಳ ಬಾಯಿಗೆ ನೀರೂ ಇಳಿಯುವುದಿಲ್ಲ. ಶೀತಲಳ ತವರಿನವರು ಮಂದ್ರೂಪದಿಂದ ಬರಬೇಕು. ಅವರು ಬಂದು ಹೆಣ ಎದ್ದು, ಮಣ್ಣಾಗಿ, ಎಲ್ಲರ ಸ್ನಾನವಾಗುವ ಹೊತ್ತಿಗೆ ಇಳಿಹೊತ್ತು.

ಬಾಗಿಲಲ್ಲಿ ಕುಳಿತಿದ್ದ ಕಲ್ಯಾಣಪ್ಪ ಅವಿನಾಶನ ಸಾಲೆಯ ಗೆಳೆಯ. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

‘ಯಾರ ಮನಿ ಹಗ್ಗದ ಮ್ಯಾಲ ಚಾದರ್ ಒಣಗ್ಲಿ, ಇವಾ ಹೋಗಿ ಮೂಲಿ ಚಿವುಟಿ ನೋಡಾಂವ. “ಇದು ನಮ್ಮ ಮಾಲು”, “ಇದರಾಗ ನೂಲು ಕಮ್ಮಿ ಹಾಕ್ಯಾರ.” ಒಮ್ಮಿ ಎಸ್ಟಿ ಬಸ್ಸಿನ್ಯಾಗ ಮುಂದಿನ ಸೀಟಿನ ಹೆಣ್ಣಮಗಳು ಹೊದ್ದ ಚಾದರ್ ಚಿವುಟಿಬಿಟ್ಟ! ಆಕಿ ಏನ ಬಿಟ್ಟಾಳ? ಕಪಾಳಕ್ಕ ಎರಡ ಹಾಕಿದ್ಳು. ಇವಾ ಹೊಡತ ತಿಂದು ಏನಂದ ಅಂತೀರಿ? “ಬಾಯಿ, ನೂಲು ಮಾತ್ರ ಏಕ್ ನಂಬರ್ ಅದ ನೋಡ್ರಿ.”’

ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಬಾಯಿಗೊತ್ತಿ ನಕ್ಕರು. ನಗು ಅಳುವಾಗಿ ತಿರುಗಿತು.

ಪಾರ್ವತಿಬಾಯಿ ಸೊಸೆಯ ಕಿವಿಯ ಹತ್ತಿರ ಬಾಗಿದಳು. ‘ಚೀಲ ಗಂಟಿನ್ಯಾಗ ಕಟ್ಯಾರ. ನಾ ತಗೀತೀನಿ.’

ಶೀತಲ ತಲೆ ಎತ್ತಲಿಲ್ಲ. ‘ಬಿಡ್ರಿ ಅತ್ತಿ. ನನಗ ಬ್ಯಾಡ.’

‘ಏನ ಬ್ಯಾಡ?’

‘ಗುಳಿಗಿ. ಅವರ ಜೋಡಿ ಹೋಗ್ಲಿ. ನಾ ಯಾರ ಸಲುವಾಗಿ ನುಂಗ್ಲಿ?’

‘ಬಾಯಿ ಮುಚ್ಚು’ ಅಂದಳು ಪಾರ್ವತಿಬಾಯಿ. ಗೋಡೆಯ ಗಡಿಯಾರದಲ್ಲಿ ಎಂಟೂವರೆ.

* * *

ತೊಂಬತ್ತೆಂಟರ ಸಂಕ್ರಾಂತಿ ಮುಗಿದ ಮರುದಿನ ಸೊಲ್ಲಾಪುರದ ಡಾಕ್ಟರ್ ಪಂಢರಿನಾಥರು ಅವಿನಾಶನ ರಕ್ತದಲ್ಲಿ ಎಚ್‌ಐವಿ ಇದೆ ಎಂದು ಹೇಳಿದ್ದರು. ಮಾಲಿನ ಆರ್ಡರ್ ಹಿಡಿಯಲು ಹತ್ತೂರು ತಿರುಗಿದ ಹುಡುಗ. ಎಲ್ಲಿಂದ ಬಂತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಡಾಕ್ಟರರು ಎರಡು ಬಗೆಯ ಗುಳಿಗೆ ಕೊಟ್ಟು, ಒಂಬತ್ತಕ್ಕೆ ಮತ್ತು ಒಂಬತ್ತಕ್ಕೆ ಎಂದು ಬೆರಳು ತೋರಿಸಿ ಹೇಳಿದರು.

ಪಾರ್ವತಿಬಾಯಿ ಆ ವಾರವೇ ನೇಮ ಹಿಡಿದಳು. ಐವತ್ತೊಂದು ಗುರುವಾರ. ತಾಯಿ-ಮಗ ಇಬ್ಬರೂ ಬೆಳಗಿನ ಸ್ನಾನದಿಂದ ಸಂಜೆಯ ಆರತಿಯವರೆಗೆ ಬಾಯಿಗೆ ಹನಿ ನೀರು ಹಾಕಬಾರದು. ಮಧ್ಯಾಹ್ನದ ಬಸ್ಸು ಹತ್ತಿ ಅಕ್ಕಲಕೋಟೆಗೆ ಬಂದು, ಸ್ವಾಮಿಗಳ ಗುಡಿಯಲ್ಲಿ ಆರತಿ ಕಂಡು, ಪ್ರಸಾದ ತಿಂದು ಕೊನೆಯ ಬಸ್ಸಿಗೆ ತಿರುಗುವುದು.

‘ಅವ್ವಾ, ಗುಳಿಗಿ ನುಂಗಾಕರೆ ಒಂದ ಗುಟುಕು ನೀರ ಬೇಕಲ್ಲ?’ ಎಂದು ಅವಿನಾಶ ಮೊದಲ ಗುರುವಾರವೇ ಕೇಳಿದ್ದ.

‘ಗುಟುಕಿನಿಂದನ ನೇಮ ಕೆಡ್ತದ. ಆರ ದಿನ ನುಂಗ್ತಿ, ಒಂದ ದಿನ ಬಿಟ್ರ ಏನಾಗ್ತದೋ?’

ಅವನು ನಕ್ಕಿದ್ದ. ‘ಆತು ಬಿಡು. ಗುರುವಾರ ರೋಗಕ್ಕೂ ಸುಟ್ಟಿ.’

ದಣಿದು ಬರುತ್ತಿದ್ದರಿಂದ ಎಷ್ಟೋ ಗುರುವಾರ ರಾತ್ರಿಯ ಗುಳಿಗೆಯೂ ತಪ್ಪುತ್ತಿತ್ತು. ಶ್ರಾವಣ ಬಂದಾಗ ಅದಕ್ಕೆ ಸೋಮವಾರಗಳು ಕೂಡಿದವು. ಒಮ್ಮೆ ಶೀತಲ, ಗುರುವಾರ ಮುಂಜಾನೆ, ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು ಗಂಡನ ಎದುರು ನಿಂತಳು. ಪಾರ್ವತಿಬಾಯಿ ಆ ಅಂಗೈಯಿಂದ ಗುಳಿಗೆ ತೆಗೆದು ಡಬ್ಬಿಗೆ ಹಾಕಿ ಮುಚ್ಚಿದಳು. ‘ನನ್ನ ನೇಮದಾಗ ಅಡ್ಡ ಬರಬ್ಯಾಡ. ನಾ ಅವನ ಹೆತ್ತಾಕಿ’ ಅಂದಳು. ಸೊಸೆ ಮತ್ತೆಂದೂ ಅಡ್ಡ ಬರಲಿಲ್ಲ.

ಆಷಾಢದ ಹೊತ್ತಿಗಾಗಲೇ ಅವನ ಗಲ್ಲ ತುಂಬಿಕೊಂಡಿತ್ತು, ಮತ್ತೆ ಅಂಗಡಿಗೆ ಹೋಗುತ್ತಿದ್ದ. ಪಾರ್ವತಿಬಾಯಿ ಗುರುವಾರಗಳಿಗೆ ಕೈ ಮುಗಿದಳು. ದಸರೆಯ ನಂತರ ಜ್ವರ ತಿರುಗಿ ಬಂತು. ಬಾಯಿಯೊಳಗೆ ಮೊಸರು ಬಳಿದಂತೆ ಬೆಳ್ಳಗಾಯಿತು.

* * *

‘ಖರಂ ಸಾಂಗಾ’ ಎಂದಿದ್ದರು ಡಾಕ್ಟರರು, ನಿಜ ಹೇಳಿ ಎಂದು. ಮುಂಬೈಯಿಂದ ಬಂದ ಕಾಗದ ಮೇಜಿನ ಮೇಲಿತ್ತು. ಕೋಣೆಯಲ್ಲಿ ನಾಲ್ವರೂ ಕುಳಿತಿದ್ದರು. ‘ಗುಳಿಗಿ ತಪ್ಪಿಸೀರೇನು?’

ರಾಚಪ್ಪ ಇಲ್ಲವೆಂದು ತಲೆಯಾಡಿಸಿದ. ಶೀತಲ ನೆಲ ನೋಡಿದಳು. ಅವಿನಾಶ, ‘ಒಂದೂ ತಪ್ಪಿಸಿಲ್ಲ ಡಾಕ್ಟರ್‌ಸಾಹೇಬ್ರ’ ಅಂದ. ತಾಯಿಯ ಕಡೆ ನೋಡದೆ ಅಂದ. ಅವನು ನೋಡದೇ ಇದ್ದದ್ದಕ್ಕೇ ಪಾರ್ವತಿಬಾಯಿಗೆ ಎಲ್ಲ ತಿಳಿದುಹೋಯಿತು.

‘ಗುರುವಾರ’ ಅಂದಳು.

‘ಏನ ಗುರುವಾರ?’

ಅವಳು ಹೇಳಿದಳು. ಡಾಕ್ಟರರು ಮುಂಬೈಯ ಕಾಗದ ಮಡಿಚಿಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

‘ತವರುಮನಿ ಯಾವೂರು ಬಾಯಿ ನಿಮ್ಮದು?’

‘ತಡವಳ ರಿ.’

‘ಹೊಲ ಅದೇನು? ತೊಗರಿ?’

‘ಅದ ರಿ.’

‘ಕಾಯಿ ಕೊರಿಯೂ ಹುಳಕ್ಕ ಎಣ್ಣಿ ಹೊಡೀತಾರಲ್ಲ. ಅರ್ಧಮರ್ಧ ಹೊಡದ್ರ ಏನಾಗ್ತದ?’

‘ಬಡವ ಹುಳ ಸಾಯ್ತಾವ. ಗಟ್ಟಿ ಹುಳ ಉಳೀತಾವ. ಮುಂದ ಅವಕ್ಕ ಎಷ್ಟ ಹೊಡದ್ರೂ ಆ ಎಣ್ಣಿ ನಾಟೂದಿಲ್ಲ.’

 ಅವಳ ಬಾಯಿಂದಲೇ ತೀರ್ಪು ಹೊರಬಿದ್ದಿತ್ತು.

‘ಹಂಗ ಆಗ್ಯದ. ಗುಳಿಗಿ ಇಲ್ಲದ ದಿನ ರೋಗ ಔಷಧದ ಕೂಡ ಜಗಳಾಡೂದು ಕಲ್ತದ. ಇನ್ನ ಈ ಎರಡೂ ಗುಳಿಗಿ ಇವನಿಗೆ ನಾಟೂದಿಲ್ಲ. ಹೊಸಾದೊಂದ ಬಂದದ, ಆದ್ರ ಅದೊಂದ ಇವನಿಗೆ ಸಾಲೂದಿಲ್ಲ. ಇವೆರಡಕ್ಕೂ ಬದಲೀ ಗುಳಿಗಿ ನನ್ನ ಕೈಯಾಗ ಇಲ್ಲ.’ ಆಮೇಲೆ ಅವರು ಶೀತಲಳ ಕಡೆ ತಿರುಗಿದರು. ‘ಈಕಿಗೆ ರೋಗ ಬಂದದ್ದು ಅದು ಗಟ್ಟಿ ಆಗೂಕಿಂತ ಮೊದಲ. ಅವನಿಗೆ ಕೊಟ್ಟ ಗುಳಿಗಿ, ಜೋಡಿ ಒಂದು ಹೊಸಾದು, ಈಕಿಗೆ ನಾಟ್ತಾವ. ಆದ್ರ ಒಂದ ದಿನ, ಒಂದ ಹೊತ್ತು ಬಿಡೂಹಂಗಿಲ್ಲ. ಹಸದ ಹೊಟ್ಟೀಲೆ ಕೊಡಬ್ಯಾಡ್ರಿ, ಕಕ್ಕೋತಾಳ. ಕಕ್ಕಿದ್ರ ತಪ್ಪಿಸಿದಂಗನ.’

ರಿಕ್ಷಾದಲ್ಲಿ ಬರುವಾಗ ಅವಿನಾಶ ತಾಯಿಯ ಪಕ್ಕದಲ್ಲಿ ಕುಳಿತಿದ್ದ. ಮನೆಯ ತಿರುವು ಬಂದಾಗ, ‘ಅವ್ವಾ, ಗುರುವಾರ ನಿನ್ನ ಜೋಡಿ ಕಿಡಕಿ ಬಾಜೂಕ ಕೂತು ಅಕ್ಕಲಕೋಟಿಗೆ ಹೋಗ್ತಿದ್ದೆನಲ್ಲ, ಅವು ಛಲೋ ದಿನ ಇದ್ವು’ ಅಂದ. ಅದರ ಮೇಲೆ ಆ ಮಾತನ್ನು ಅವನು ಎತ್ತಲೇ ಇಲ್ಲ.

* * *

ಪಾರ್ವತಿಬಾಯಿ ಗಂಡನನ್ನು ಕಾಳಿನ ಕೋಣೆಗೆ ಕರೆದಳು. ಎಂಟೂಮುಕ್ಕಾಲು.

‘ಶೀತಲನ ಗುಳಿಗಿ ಗಂಟಿನ್ಯಾಗ ಹೋಗ್ಯಾವ. ಅಕ್ಕನ್ನ ಕೇಳಿ ತಗಸ್ರಿ. ನೀವ ಹೇಳಿದ್ರ ಕೇಳ್ತಾರ.’

ರಾಚಪ್ಪ ಬಾಗಿಲು ಅರ್ಧ ಮುಂದೆ ಮಾಡಿದ. ‘ಏನಂತ ಕೇಳ್ಲಿ? ಯಾರ ಗುಳಿಗಿ ಅಂತ ಹೇಳ್ಲಿ? ಇವತ್ತೊಂದ ದಿನ ಬಿಟ್ರ ಏನಾಗ್ತದ?’

ಅವಳು ಗಂಡನ ಮುಖ ನೋಡಿದಳು. ದನಿ ಅವನದಾಗಿದ್ದರೂ ಮಾತು ಅವಳದೇ.

‘ಒಂದ ದಿನ ಅಲ್ಲ ರಿ. ಗಂಟು ಕುಣಿಗೆ ಬಿತ್ತಂದ್ರ ಹತ್ತ ಹದಿನೈದ ದಿನ ಗುಳಿಗಿ ಇಲ್ಲ. ಅಷ್ಟರಾಗ ಈಕಿದೂ ಗಟ್ಟಿ ಆಗ್ತದ.’

‘ಮಣ್ಣಾಗ್ಲಿ. ಆಮ್ಯಾಲ ಮಂದಿ ಹೋದ ಮ್ಯಾಲ ನಾನ ಹೋಗಿ ಅಗದು ತರ್ತೀನಿ.’

‘ಕುಣಿ ಬಾಜೂಕ ಹೂತದ್ದನ್ನ ನೀವು ಅಗೀತೀರಿ? ಅಕ್ಕಾರು ಹೂಳಿಸೂ ಮೊದಲ ನೀರ ಸುರೀಸ್ತಾರ. ಗುಳಿಗಿ ಉಳೀತಾವೇನು?’

ರಾಚಪ್ಪ ಬಾಗಿಲ ಸಂದಿಯತ್ತ ಕೈ ಮಾಡಿದ. ‘ಪಾರ್ವತಿ, ಹೊರಗ ನೋಡು. ನಾಲ್ವತ್ತ ಮಂದಿ ಬಂದಾರ. ಟೀಬಿ ಅಂತ ತಿಳದು ಬಂದಾರ. ಈಗ ಖರೇ ಹೇಳಿದ್ರ ನಾಲ್ಕ ಹೆಗಲು ಸಿಗೂದಿಲ್ಲ ನನ್ನ ಮಗಗ. ಮುಟ್ಟಾಕ ಯಾರೂ ಬರೂದಿಲ್ಲ. ಅವನ್ನ ನಾ ಒಬ್ಬನ ಹೊತಗೊಂಡ ಹೋಗ್ಲಿ?’

 ನಾಲ್ವರ ಹೆಗಲ ಮೇಲೆ ಹೋಗುವುದು ಸಾಯುವ ಮನುಷ್ಯನ ಕೊನೆಯ ಹಕ್ಕು. ಹುಟ್ಟಿದಾಗಿನಿಂದ ಯಾರ ಮನಸ್ಸನ್ನೂ ನೋಯಿಸದ ಹುಡುಗ. ಹೊಡೆತ ತಿಂದು ನೂಲು ಹೊಗಳಿದವನು. ತಾಯಿಯ ನೇಮಕ್ಕಾಗಿ ಡಾಕ್ಟರರ ಎದುರು ಸುಳ್ಳು ಹೇಳಿದವನು. ಅವನಿಗೆ ನಾಲ್ಕು ಹೆಗಲೂ ಇಲ್ಲವೆಂದರೆ?

ಪಡಸಾಲೆಯಿಂದ ವೇಣೂಬಾಯಿಯ ದನಿ ಬಂತು: ‘ಶೀತಲ, ನೆಟ್ಟಗ ಕೂಡವ್ವಾ. ಗ್ವಾಡಿಗೆ ಆನಬ್ಯಾಡ.’

ಪಾರ್ವತಿಬಾಯಿ ಕೋಣೆಯ ಗೂಡಿನಲ್ಲಿ ಕೈಯಾಡಿಸಿದಳು. ಜೋಳ ಕೊಯ್ಯುವ ಹಳೆಯ ಕುಡಗೋಲು ಸಿಕ್ಕಿತು. ‘ಎಲ್ಲಿಗೆ?’ ಎಂದು ರಾಚಪ್ಪ ಸೆರಗು ಹಿಡಿದ. ಅವಳು ಸೆರಗು ಬಿಡಿಸಿಕೊಂಡಳು.

* * *

ನಿಂಗಣ್ಣ ಗಂಟಿನ ಮೇಲೆಯೇ ಕುಳಿತು ಬೀಡಿ ಹಚ್ಚಿದ್ದ. ಕುಡಗೋಲು ಕಂಡು ಎದ್ದು ನಿಂತ.

‘ಕಾಕು, ಏನ ಮಾಡಾಕತ್ತೀರಿ?’

‘ಬಾಜೂಕ ಸರಿ.’

ಎರಡು ಎಳೆತಕ್ಕೆ ಹಗ್ಗ ಹರಿಯಿತು. ಗಾದಿ ಉಬ್ಬಿ ಬಿಚ್ಚಿಕೊಂಡಿತು. ಭಜನೆಯವರ ತಾಳ ಒಂದೊಂದಾಗಿ ನಿಂತವು. ವೇಣೂಬಾಯಿ ಹೊಸ್ತಿಲು ದಾಟಿ ಬಂದಳು.

‘ಪಾರ್ವತಿ! ಬುದ್ಧಿ ನೆಟ್ಟಗದ ಇಲ್ಲೋ? ಸತ್ತವನ ಗುಳಿಗೀಗೆ ಹಿಂಗ ಬೆನ್ನ ಹತ್ತತಾರೇನು?’

‘ಸತ್ತವನ ಗುಳಿಗಿ ಅಲ್ಲ ಇವು. ಅವಾ ಗುಳಿಗಿ ಬಿಟ್ಟು ಎರಡ ತಿಂಗಳಾತು. ಇವು ಇದ್ದಾಕಿವು. ಶೀತಲನವು.’

‘ಆಕಿಗೇನಾಗ್ಯದ?’

‘ಅವನಿಗೆ ಆದದ್ದ.’

‘ಟೀಬಿ ಹರೀತೇನು ಆಕಿಗೂ?’

‘ಟೀಬಿ ಅಲ್ಲ ಅಕ್ಕಾ. ಎಸ್ಟಿ ಬಸ್ಸಿನ ಬೆನ್ನ ಮ್ಯಾಲ ದೊಡ್ಡ ಅಕ್ಷರದಾಗ ಬರದಿರ್ತಾರಲ್ಲ, ಅದು. ನಾವ ಸುಳ್ಳ ಹೇಳೀವಿ.’

 ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದವನು ಹುರಿಯನ್ನು ಅಷ್ಟಕ್ಕೇ ಬಿಟ್ಟು, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಇಬ್ಬರು ಚಪ್ಪಲಿ ಮೆಟ್ಟಿ ಹೊರಬಾಗಿಲ ಕಡೆ ನಡೆದರು. ಆಮೇಲೆ ಇನ್ನೂ ಮೂವರು. ರಾಚಪ್ಪ ಕಟ್ಟೆಯ ಮೇಲೆ ಕುಳಿತು ಮುಖಕ್ಕೆ ಟವೆಲ್ ಹಿಡಿದ.

ಪಾರ್ವತಿಬಾಯಿ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಹಳೇ ಮನೆಯಲ್ಲಿ ಗ್ಯಾಸಿರಲಿಲ್ಲ. ಮೂಲೆಯ ಪಂಪಿನ ಸ್ಟೋವು ಮುಂದೆಳೆದು, ಅಲುಗಾಡಿಸಿ, ಸೀಮೆಎಣ್ಣೆ ಇದ್ದದ್ದು ಗೊತ್ತಾಗಿ ಕಡ್ಡಿ ಗೀರಿದಳು. ವೇಣೂಬಾಯಿ ಬಾಗಿಲಿಗೆ ಬಂದು ನಿಂತಳು. ಬಾಗಿಲು ದಾಟಲಿಲ್ಲ.

‘ಹೆಣ ಮನ್ಯಾಗದ. ಒಲಿ ಹಚ್ತಿ?’

‘ಹಸದ ಹೊಟ್ಟೀಲೆ ನುಂಗಿದ್ರ ಕಕ್ಕೋತಾಳ.’

‘ಏಳು ತಲಿಯಾಗ ಯಾರೂ ಮಾಡದ ಕೆಲಸ ಇದು.’

‘ನೇಮ ಮಾಡಿ ಒಬ್ಬನ್ನ ಕೊಂದೀನಿ ಅಕ್ಕಾ. ಇನ್ನೊಂದ ನೇಮ ನನ್ನ ಕಡೆ ಆಗೂದಿಲ್ಲ.’

ಅವಳು ಪಂಪು ಒತ್ತಿದಳು. ಸ್ಟೋವು ಭರ್ರೆಂದಿತು. ಭಜನೆ ನಿಂತ ಮನೆಯಲ್ಲಿ ಆ ಸದ್ದು ಪಡಸಾಲೆ, ಕಟ್ಟೆ, ಅಂಗಳ ದಾಟಿ ಓಣಿಗೂ ಕೇಳಿಸಿತು. ರವೆಗೆ ನೀರು, ಉಪ್ಪು, ಕೈಗೆ ಸಿಕ್ಕ ಬೆಲ್ಲದ ಚೂರು. ಗಂಜಿ ಕುದಿಯುವಷ್ಟೂ ಹೊತ್ತು ಅವಳು ಗಡಿಯಾರ ನೋಡಲಿಲ್ಲ. ಹೊರಗೆ ಯಾರೋ, ‘ಹೊತ್ತಾತು, ಮುಂದಿನ ವಿಚಾರ ಏನು?’ ಎಂದು ಕೇಳಿದ್ದು, ಕಲ್ಯಾಣಪ್ಪ, ‘ಉಣ್ಲಿ ತಡೀರಿ. ಅವಿನಾಶಗ ಇವತ್ತ ಯಾವ ಬಸ್ಸೂ ತಪ್ಪೂದಿಲ್ಲ’ ಎಂದದ್ದು ಕೇಳಿಸಿತು. ಅವನು ಹೋಗಿರಲಿಲ್ಲ. ಅದೊಂದು ಹೆಗಲು. ಉಳಿದ ಮೂರನ್ನು ಅವಳು ಲೆಕ್ಕ ಹಾಕಲಿಲ್ಲ.

ತಾಟಿಗೆ ಗಂಜಿ ಸುರಿದುಕೊಂಡು, ಮೂರು ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಪಡಸಾಲೆಗೆ ಬಂದಳು. ಸೊಸೆಯನ್ನು ಸುತ್ತಿ ಕುಳಿತಿದ್ದ ಹೆಂಗಸರು ಅಷ್ಟರಲ್ಲಿ ಎದ್ದು, ಸೀರೆಯ ನಿರಿಗೆ ಎತ್ತಿ ಹಿಡಿದು, ಎದುರು ಗೋಡೆಗೆ ಅಂಟಿ ನಿಂತಿದ್ದರು. ಅವರು ಕುಳಿತಿದ್ದ ನೆಲ ಬರಿದಾಗಿತ್ತು. ಗಂಡನ ಪಕ್ಕ ಶೀತಲ ಒಬ್ಬಳೇ ಉಳಿದಿದ್ದಳು.

‘ಬಾಯಿ ತಗಿ.’

‘ಅತ್ತಿ, ಬ್ಯಾಡ್ರಿ. ಎಲ್ಲಾರೂ ನೋಡಾಕತ್ಯಾರ.’

‘ನೋಡ್ಲಿ. ಆವತ್ತ ನೀ ಗುಳಿಗಿ ಹಿಡಕೊಂಡ ನಿಂತಿದ್ದಿ. ನಾ ಕಸಗೊಂಡೆ. ಇವತ್ತ ನಾ ಹಿಡಕೊಂಡ ಬಂದೀನಿ, ನೀ ಕಸಗೋಬ್ಯಾಡ.’

ಶೀತಲ ಅತ್ತೆಯ ಮುಖ ನೋಡಿದಳು. ಆಮೇಲೆ ಗಂಡನನ್ನು. ತುತ್ತಿಗೆ ಕೈ ಹಾಕಿ, ಸುಟ್ಟು, ಕೈ ಹಿಂತೆಗೆದಳು.

ಪಾರ್ವತಿಬಾಯಿ ಅವಳೆದುರು ಕುಳಿತು ಸೆರಗಿನ ತುದಿಯಿಂದ ತಾಟಿಗೆ ಗಾಳಿ ಹಾಕತೊಡಗಿದಳು. ಗಂಡಸರು ಬಾಗಿಲಲ್ಲಿ, ಹೆಂಗಸರು ಗೋಡೆಯುದ್ದಕ್ಕೂ ನಿಂತೇ ಇದ್ದರು. ನಡುವಿನ ಬರಿನೆಲದ ಮೇಲೆ ಮೂವರೇ ಕುಳಿತಿದ್ದರು: ಗೋಡೆಗೆ ಒರಗಿ ಅವಿನಾಶ, ಒಂದೊಂದೇ ತುತ್ತಿನ ಜೊತೆ ಗುಳಿಗೆ ನುಂಗುತ್ತ ಶೀತಲ, ಗಂಜಿ ಆರಿಸುತ್ತ ಪಾರ್ವತಿಬಾಯಿ. ಸೆರಗಿನ ಗಾಳಿ ಬೀಸಿದಾಗೊಮ್ಮೆ ಅವಿನಾಶನ ತೋಳಿನ ವಿಭೂತಿ ಸಣ್ಣಗೆ ಏಳುತ್ತಿತ್ತು. ಎದ್ದು, ತಾಟಿನ ಅಂಚಿಗೆ, ಶೀತಲಳ ಕೈಗೆ, ತಾಯಿಯ ಮಡಿಲಿಗೆ ಕೂರುತ್ತಿತ್ತು.